ಹುಲ್ಲುಗಾವಲಿನ ಹಸುರು ಕದ್ದವರು

“ಹಾಲ್ಗೆರೆಯ ಪ್ರಜೆಗಳೇ, ಅರಸರ ಅಪ್ಪಣೆ ಕೇಳಿ. ನಮ್ಮ ಹುಲ್ಲುಗಾವಲು ಬಿಳಿಚಿಕೊಳ್ಳುತ್ತಿದೆ, ಹಸುಗಳ ಕೆಚ್ಚಲು ಬತ್ತುತ್ತಿದೆ. ಕನಸಿನಲ್ಲಿ ಬಿಳಿ ಹಸುವೊಂದು ರಾಜಕುಮಾರಿ ಇಂದುಲೇಖೆಗೆ ಮೂರು ಒಗಟು ಹೇಳಿದೆ. ಎದ್ದು ನೋಡಿದರೆ ಅದೇ ಹಸು ಅರಮನೆಯ ಅಂಗಳದಲ್ಲಿ ನಿಂತಿದೆ. ಉತ್ತರ ಸರಿಯಾದರೆ ಅದರ ಕೊರಳ ಗಂಟೆ ನುಡಿಯುತ್ತದೆ. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿ, ತಪ್ಪಿದವನಿಗೆ ಮರಣ.”

ಡಂಗುರದ ಸದ್ದು ಮಂಜಿನಲ್ಲಿ ತೇಲಿಹೋಯಿತು. ಮೊದಲು ಬಂದವನು ಸಾಮಂತನ ಮಗ.

“ಕಾಲಿಲ್ಲದೆ ಕೊಟ್ಟಿಗೆಯಿಂದ ಓಡಿಹೋಗುತ್ತಾನೆ, ಹೋಗುವಾಗ ಕಣ್ಣಲ್ಲಿ ನೀರು ತರಿಸುತ್ತಾನೆ. ಯಾರವನು?” ಎಂದಳು ಇಂದುಲೇಖೆ.

“ಹೊಗೆ” ಎಂದ ಅವನು. ಗಂಟೆ ನುಡಿಯಲಿಲ್ಲ. ಆಮೇಲೆ ಬಂದ ಕುದುರೆ ವ್ಯಾಪಾರಿ “ಚಳಿಗಾಳಿ” ಎಂದ. ಇಬ್ಬರನ್ನೂ ಸೆರೆಗೆ ತಳ್ಳಿದರು. ಸಂಜೆಗೆ ಅವರ ತಲೆ ಹೋಗುವುದಿತ್ತು.

ದನ ಕಾಯುವ ಚಿತ್ತಯ್ಯನಿಗೆ ರಾಜಕುಮಾರಿಯ ಆಸೆ ಇರಲಿಲ್ಲ. ಕರುಗಳು ಬತ್ತಿದ ಕೆಚ್ಚಲಿಗೆ ಬಾಯಿಟ್ಟು ಸುಮ್ಮನೆ ತಿರುಗುವುದನ್ನು ನೋಡಲಾರದೆ ಬಂದಿದ್ದ.

“ಅದು ಗಂಜಲದ ಘಾಟು, ತಾಯಿ” ಎಂದ. “ಮಣ್ಣಿನ ಊಟ ಅದರ ಜೊತೆ ಹಾರಿಹೋಗುತ್ತದೆ.” ಗಂಟೆ ಮೆಲ್ಲಗೆ ನುಡಿಯಿತು.

“ಹೊಲಕ್ಕೆ ಹೋಗಬೇಕಾದವನು ಮಳೆಯ ಕೈಹಿಡಿದು ಕೆರೆಗಿಳಿಯುತ್ತಾನೆ, ಕೆರೆಗೆ ಪಾಚಿಯ ಸೀರೆ ಉಡಿಸುತ್ತಾನೆ.”

“ಬಯಲಲ್ಲಿ ಬಿಟ್ಟ ತಿಪ್ಪೆಯಿಂದ ಹರಿಯುವ ಕಂದು ರಸ.” ಗಂಟೆ ಮತ್ತೆ ನುಡಿಯಿತು.

“ಹಾರಿಹೋದದ್ದನ್ನು ಗಾಳಿಯಿಂದಲೇ ಹಿಡಿದು ತಂದು, ಮಣ್ಣೊಳಗೆ ಮುತ್ತಾಗಿ ಕಟ್ಟಿಡುವವಳು ಯಾರು?”

ಚಿತ್ತಯ್ಯ ಮಂಜಿನಾಚೆ ಕಣ್ಣು ಹಾಯಿಸಿದ. “ಗೊತ್ತಿಲ್ಲ. ಹುಲ್ಲುಗಾವಲನ್ನು ಒಮ್ಮೆ ನೋಡಿ ಬರಲೇ?”

“ನಾನೂ ಬರುತ್ತೇನೆ” ಎಂದು ಇಂದುಲೇಖೆ ಎದ್ದಳು.

ಮಂಜು ಇನ್ನೂ ಮೊಣಕಾಲೆತ್ತರಕ್ಕೆ ಮಲಗಿತ್ತು. ಬಿಳಿಚಿದ ಹುಲ್ಲಿನ ನಡುವೆ ಒಂದು ಕಡೆ ಮಾತ್ರ ಕಡುಹಸುರು. ಅಲ್ಲಿ ಕಾಡುಹುರುಳಿಯ ಬಳ್ಳಿ ಹಬ್ಬಿತ್ತು. ಚಿತ್ತಯ್ಯ ಮಂಡಿಯೂರಿ ಮಣ್ಣು ಕೆದಕಿದ, ರಾಜಕುಮಾರಿಯೂ ಕೈಹಾಕಿದಳು. ಬುಡ ಮೇಲೆದ್ದಾಗ ಬೇರಿನ ತುಂಬ ಪುಟ್ಟ ಪುಟ್ಟ ಗಂಟುಗಳು. ಒಂದನ್ನು ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು.

“ಇವಳೇ, ಈ ಹುರುಳಿಬಳ್ಳಿ. ಹಾರಿಹೋದ ಮಣ್ಣಿನ ಊಟವನ್ನು ಬೇರಿನ ಗಂಟುಗಳಲ್ಲಿ ಕಟ್ಟಿಡುತ್ತಾಳೆ” ಎಂದು ಪಿಸುಗುಟ್ಟಿದ ಚಿತ್ತಯ್ಯ. ದೂರದ ಅರಮನೆಯಲ್ಲಿ ಹಸುವಿನ ಗಂಟೆ ನುಡಿಯಿತು.

ಅರಸ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಇನ್ನು ಏನು ಮಾಡಬೇಕು, ಹೇಳಪ್ಪ” ಎಂದ.

“ಕೊಟ್ಟಿಗೆಗೆ ದಪ್ಪಗೆ ಹುಲ್ಲು ಹಾಸಿದರೆ ಗಂಜಲವನ್ನು ಅದು ಹೀರಿಕೊಳ್ಳುತ್ತದೆ, ಮಹಾಸ್ವಾಮಿ. ತಿಪ್ಪೆಗೆ ಚಪ್ಪರ ಬೇಕು, ಸುತ್ತ ಏರಿ ಬೇಕು. ಗೊಬ್ಬರ ಚೆಲ್ಲಿದ ಕೂಡಲೇ ಮಣ್ಣಿಗೆ ಸೇರಿಸಬೇಕು. ಹುಲ್ಲಿನ ನಡುವೆ ಹುರುಳಿ ಬಿತ್ತಬೇಕು. ಆ ಇಬ್ಬರನ್ನೂ ಬಿಟ್ಟುಬಿಡಿ, ಚಪ್ಪರ ಕಟ್ಟಲು ಆಳು ಬೇಕು.”

ಅರಸ ನಕ್ಕು ಸೆರೆಯ ಬಾಗಿಲು ತೆಗೆಸಿದ.

ಮುಂದಿನ ಮಳೆಗಾಲಕ್ಕೆ ಕೆರೆ ತಿಳಿಯಾಯಿತು, ಹುಲ್ಲು ಕಡುಹಸುರಾಯಿತು, ಕರುಗಳ ಬಾಯಲ್ಲಿ ನೊರೆ ಕಂಡಿತು. ಆಗ ಇಂದುಲೇಖೆ ಕೇಳಿದಳು, “ಅಪ್ಪಾಜಿಯ ಮಾತು ಹಾಗಿರಲಿ, ನಿನಗೆ ಮನಸ್ಸಿದೆಯೇ?”

“ನನ್ನ ಮೈಯಿಂದ ಕೊಟ್ಟಿಗೆಯ ವಾಸನೆ ಹೋಗುವುದಿಲ್ಲ, ರಾಜಕುಮಾರಿ.”

ಅವಳು ಅಂಗೈ ಚಾಚಿದಳು. ಬೆಳಗಿನಿಂದ ಹುರುಳಿ ಬಿತ್ತಿದ ಆ ಕೈಯ ಗೆರೆಗಳಲ್ಲೆಲ್ಲ ಮಣ್ಣು ಕೂತಿತ್ತು. ಚಿತ್ತಯ್ಯ ಅದನ್ನು ಹಿಡಿದುಕೊಂಡ.