ಎದೆಮಟ್ಟದ ಪೆಟ್ಟಿಗೆ

ಹೊಳೆದಂಡೆಯ ಆ ಆಶ್ರಮದಲ್ಲಿ ಉಪದೇಶ ಕಡಿಮೆ, ಮರಗೆಲಸ ಹೆಚ್ಚು. ಗುರುಗಳಾದ ಮರುಳಯ್ಯಜ್ಜ ಮಂಚ ಮಾಡುವ ಮುಂಚೆ ಅದರ ಮೇಲೆ ಮಲಗುವವರನ್ನೇ ಕರೆಸಿ, ನೆಲದ ಮೇಲೆ ಮಲಗಿಸಿ, ಸುತ್ತ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಬಳಸುವವರ ಮೈಯೇ ಅಳತೆ ಎಂಬುದು ಅಲ್ಲಿಯ ಮೊದಲ ಪಾಠ.

ನಾಲ್ಕು ವರ್ಷದಿಂದ ಅಲ್ಲಿದ್ದ ಶಿಷ್ಯ ಕೊಟ್ರೇಶನಿಗೆ ಈ ಪಾಠ ಬಾಯಿಪಾಠವಾಗಿತ್ತು. ಬಾಯಿಗೆ ಬಂದದ್ದು ಕೈಗೆ ಇಳಿಯುವುದು ತಡ, ಅದು ಬೇರೆ ಮಾತು.

ಅವನು ಆಶ್ರಮ ಸೇರಿದ್ದು ಅಣ್ಣ ಬಸಲಿಂಗ ತೀರಿಕೊಂಡ ಮೇಲೆ. ಮಣ್ಣು ಮಾಡಿ ಬಂದ ದಿನ ಅಣ್ಣನ ಒಂದು ವರ್ಷದ ಮಗ ಅಮೋಘ ಇವನ ಕಡೆ ಎರಡೂ ಕೈ ಚಾಚಿದ್ದ. ಥೇಟ್ ಅಣ್ಣನ ಮುಖ. ಎತ್ತಿಕೊಳ್ಳಲು ಕೊಟ್ರೇಶನಿಂದ ಆಗಲಿಲ್ಲ. ಆ ವಾರವೇ ಊರು ಬಿಟ್ಟ.

ಈ ಬೇಸಿಗೆ ರಜೆಗೆ ಅತ್ತಿಗೆ ಮಕ್ಕಳಿಬ್ಬರನ್ನೂ ಹದಿನೈದು ದಿನ ಆಶ್ರಮದಲ್ಲಿ ಬಿಟ್ಟು ಹೋದಳು. ದೊಡ್ಡವಳು ಮೈತ್ರಾಗೆ ಒಂಬತ್ತು, ಅಮೋಘನಿಗೆ ಐದು. ಕಾಕಾ ಎಂದು ಕರೆಯುತ್ತಿದ್ದರು, ಆದರೆ ಮಾರು ದೂರದಲ್ಲಿ ನಿಂತು. ಆ ಮಾರು ದೂರ ಕೊಟ್ರೇಶನನ್ನು ತಿನ್ನುತ್ತಿತ್ತು.

ಅಪ್ಪನದು ಅಂತ ಮಕ್ಕಳಿಗೆ ಏನಾದರೂ ಕೊಡಬೇಕೆನಿಸಿತು. ಬಸ್ ಸ್ಟ್ಯಾಂಡ್ ಪಕ್ಕದ ವಿಡಿಯೋ ಗೇಮ್ ಅಂಗಡಿ ನೆನಪಾಯಿತು. ಚಿಕ್ಕಂದಿನಲ್ಲಿ ಭಾನುವಾರ ಬಂದರೆ ಅಣ್ಣ ಅವನನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿದ್ದಂಥದ್ದೇ, ನಿಂತು ಗುಂಡಿ ಒತ್ತಿ ಆಡುವ ಒಂದು ಗೇಮಿನ ಪೆಟ್ಟಿಗೆ ಮಾಡೋಣವೇ ಎಂದು ಕೇಳಿದ. ಮಕ್ಕಳು ಕುಣಿದಾಡಿದರು.

ಅಜ್ಜ ಪ್ಲೈವುಡ್ ಕೊಟ್ಟರು, ಉಗ್ರಾಣದ ಹಳೇ ಟಿವಿ ಕೊಟ್ಟರು. ಪೆಟ್ಟಿಗೆಯನ್ನು ನೆಲದ ಮೇಲೆ ಮಲಗಿಸಿಕೊಂಡೇ ಎಲ್ಲ ಕೆಲಸ ನಡೆಯಿತು. ಮೈತ್ರಾ ಉಪ್ಪುಕಾಗದ ಹಿಡಿದು ಉಜ್ಜಿದಳು. ಅಮೋಘ ಪೆಟ್ಟಿಗೆಗಿಂತ ತನಗೇ ಹೆಚ್ಚು ಹಳದಿ ಬಣ್ಣ ಬಳಿದುಕೊಂಡ. ಗೇಮ್ ತುಂಬಿದ ಸರ್ಕ್ಯೂಟನ್ನು ಪೇಟೆಯ ರಿಪೇರಿಯವನು ಬಂದು ಜೋಡಿಸಿಕೊಟ್ಟ.

ನಡುವೆ ಒಮ್ಮೆ ಅಜ್ಜ ಕೇಳಿದರು: "ಅಳತಿ ಯಾರದಪ್ಪ?"

"ಅಣ್ಣ ಕರಕೊಂಡು ಹೋಗತಿದ್ದ ಅಂಗಡೀದು, ನೆನಪಿನಾಗೈತಿ ಅಜ್ಜಾರೆ. ಗುಂಡಿಗಳು ನನ್ನ ಎದಿಮಟ್ಟಕ್ಕಿದ್ದವು. ಕಣ್ಣು ಮುಚ್ಚಿದರ ಈಗಲೂ ಕಾಣತಾವ."

ಅಜ್ಜ ಹ್ಞೂಂ ಎಂದು ತಮ್ಮ ಉಜ್ಜುಗೊರಡು ತಳ್ಳುತ್ತಾ ಕೂತರು.

ಹನ್ನೆರಡನೇ ದಿನ ಪೆಟ್ಟಿಗೆ ಎದ್ದು ನಿಂತಿತು. ಕೊಟ್ರೇಶ ಸ್ವಿಚ್ ಹಾಕಿ ಗುಂಡಿಗಳ ಮೇಲೆ ಕೈಯಿಟ್ಟ. ಸರಿಯಾಗಿ ಎದೆಮಟ್ಟ, ಅದೇ ನೀಲಿ ಬೆಳಕು. ಬೆನ್ನ ಹಿಂದೆ ಅಣ್ಣನ ಉಸಿರು ಇದೆ ಎಂದೇ ಅನಿಸಿತು. ಅವನು ತಿರುಗಿ ನೋಡಿದ. ಯಾರೂ ಇರಲಿಲ್ಲ.

ಕೆಳಗೆ ಎರಡು ಮುಖಗಳು ಮೇಲೆ ನೋಡುತ್ತಿದ್ದವು. ಮೈತ್ರಾ ಪರದೆ ನೋಡಲು ಎರಡು ಸಲ ಹಾರಿ ಕೈಬಿಟ್ಟಳು. ಅಮೋಘ ತುದಿಗಾಲಲ್ಲಿ ನಿಂತರೂ ಬೆರಳಿಗೆ ಹಲಗೆಯ ಅಂಚು ಸಿಕ್ಕಿತೇ ಹೊರತು ಗುಂಡಿ ಸಿಗಲಿಲ್ಲ.

"ಕಾಕಾ, ಇದು ನಿನಗ ಮಾಡಿಕೊಂಡಿಯೇನು?" ಎಂದ.

ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು. ನಾಚಿಕೆಯಿಂದ ಕೊಟ್ರೇಶ ಗರಗಸಕ್ಕೆಂದು ಒಳಗೆ ಓಡಿದ. ಗರಗಸ ಅಜ್ಜನ ತೊಡೆಯ ಮೇಲಿತ್ತು.

ಕೆಳಗೆ ಒಂದೂವರೆ ಅಡಿ ಕೊಯ್ಯಬೇಕು, ಅಳತೆ ತಪ್ಪಿತು ಎಂದು ಅವನು ಒಪ್ಪಿಕೊಂಡ.

"ಆ ಅಂಗಡಿಗೆ ಹೋಗುವಾಗ ನಿನಗ ಎಷ್ಟು ವಯಸ್ಸಿತ್ತು?" ಅಜ್ಜ ಕೇಳಿದರು.

"ಐದು."

"ಐದು ವರ್ಷದವನ ಎದಿಮಟ್ಟಕ್ಕ ಗುಂಡಿ ಹೆಂಗ ಬಂದವು?"

ಕೊಟ್ರೇಶ ಕಣ್ಣು ಮುಚ್ಚಿದ. ಇಷ್ಟು ವರ್ಷ ಕಣ್ಣು ಮುಚ್ಚಿದಾಗಲೆಲ್ಲ ಗುಂಡಿಗಳನ್ನು ಕಂಡಿದ್ದ, ತನ್ನ ಕಾಲು ಎಲ್ಲಿತ್ತೆಂದು ನೋಡಿರಲಿಲ್ಲ. ಕಾಲು ನೆಲದ ಮೇಲಿರಲಿಲ್ಲ.

"ಅಣ್ಣ ಎತ್ತಿ ಹಿಡೀತಿದ್ದ," ಎಂದ. "ಅವನು ಒಂದು ಸಲನೂ ಆಡಲಿಲ್ಲ ಅಜ್ಜಾರೆ. ಅವನ ಎರಡೂ ಕೈ ನನ್ನ ಸೊಂಟದಾಗಿದ್ದವು."

ಅಜ್ಜ ಅವನು ಅತ್ತು ಮುಗಿಸುವವರೆಗೆ ಕಾದರು.

ಬಾಗಿಲಾಚೆ ಅಮೋಘ ಇನ್ನೂ ಪೆಟ್ಟಿಗೆಯ ಮುಂದೆ ಎರಡೂ ಕೈ ಮೇಲೆತ್ತಿ ನಿಂತಿದ್ದ. ನಾಲ್ಕು ವರ್ಷದ ಹಿಂದೆ ಚಾಚಿದ್ದವೂ ಅವೇ ಕೈಗಳು. ಕೊಟ್ರೇಶನಿಗೆ ಅತ್ತ ಹೋಗುವ ಆಸೆ, ಹೆಜ್ಜೆ ಎತ್ತಲು ಹೆದರಿಕೆ. ಮಕ್ಕಳು ಆಡಬೇಕಲ್ಲ, ಗರಗಸ ಕೊಡಿ ಎಂದು ಮತ್ತೆ ಕೈಯೊಡ್ಡಿದ.

ಅಜ್ಜ ಗರಗಸವನ್ನು ಗೂಟಕ್ಕೆ ತೂಗುಹಾಕಿದರು.

"ಈಗ ಬ್ಯಾಡ, ನಿನಗ ಎರಡು ಕೈ ಅದಾವಲ್ಲ. ಆ ಹುಡುಗ ನಿನ್ನಷ್ಟು ಎತ್ತರ ಆಗಲಿ. ಆಗ ಬಾ, ಕೊಡತೀನಿ."