ಸುಡದ ಹಾಸುಗಲ್ಲು

ಹಾಲಗಟ್ಟಿಯ ಮಠಕ್ಕೆ ಗೋಪುರವಿಲ್ಲ. ಗುಡ್ಡದ ಬುಡದಲ್ಲಿ ಒಂದು ಕಲ್ಲಿನ ಕೋಣೆ, ಅದರ ಮುಂದೆ ಪಡಸಾಲೆ, ಪಡಸಾಲೆಯ ಮುಂದೆ ಹಾಸುಗಲ್ಲಿನ ಅಗಲವಾದ ಅಂಗಳ. ಪೂಜ್ಯ ಶ್ರೀ ಸಂಗನಯ್ಯ ಅಜ್ಜನವರು ತಮ್ಮ ಆಯುಷ್ಯದ ಬಹುಭಾಗವನ್ನು ಆ ಪಡಸಾಲೆಯ ಕಂಬಳಿಯ ಮೇಲೆಯೇ ಕಳೆದರು. ಪಟ್ಟವಾದ ಮೇಲೆ ಅವರು ಊರ ಸೀಮೆ ದಾಟಿದವರಲ್ಲ.

ಅಜ್ಜನವರು ಕಾಲು ಮುಂದಾಗಿ ಹುಟ್ಟಿದವರು. ಹಾಗೆ ಹುಟ್ಟಿದವರ ಪಾದ ಸೋಕಿದರೆ ಬೆನ್ನಿನ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿದೆ. ಸೋಮವಾರ ಮಧ್ಯಾಹ್ನ ಪೂಜೆ ಮುಗಿದೊಡನೆ ಜನ ಬರುತ್ತಿದ್ದರು. ಗಂಡಸರು ಬೋರಲು ಮಲಗುತ್ತಿದ್ದರು. ಹೆಂಗಸರು ಗೋಡೆಯತ್ತ ಮುಖ ಮಾಡಿ ಕುಳಿತುಕೊಳ್ಳುತ್ತಿದ್ದರು. ಅಜ್ಜನವರು ಹೆಬ್ಬೆರಳಷ್ಟೇ ಮುಟ್ಟುವಂತೆ ಪಾದ ತಾಗಿಸಿ, ಶಿವನಾಮ ಹೇಳಿ, ಮುಂದಕ್ಕೆ ಹೋಗುತ್ತಿದ್ದರು.

ಒಂದು ಬೇಸಿಗೆಯ ಸೋಮವಾರ ತುಳಜವ್ವ ಎಂಬ ನೇಕಾರ ಹೆಣ್ಣುಮಗಳು ತನ್ನ ಸೊಸೆ ಗುರುಬಾಯಿಯನ್ನು ಕರೆದುಕೊಂಡು ಬಂದಳು. ಗುರುಬಾಯಿ ಏಳು ತಿಂಗಳ ಬಸುರಿ, ಅದು ಚೊಚ್ಚಲು. ಕೆಲವು ತಿಂಗಳಿಂದ ಬೆನ್ನುನೋವು ಅವಳನ್ನು ಹಿಂಡುತ್ತಿತ್ತು. ಕುಣಿ ಮಗ್ಗದಲ್ಲಿ ಬಾಗಿ ಕುಳಿತು ಸೀರೆ ನೇಯುವವಳು, ಮೇಲೆ ಬಸುರಿ. ಹೀಗಾಗಿ ನೋವಿಗೆ ಬೇರೆ ಕಾರಣವನ್ನು ಯಾರೂ ಹುಡುಕಲಿಲ್ಲ.

ಜೊತೆಗೆ ಗುರುಬಾಯಿಯ ಅಣ್ಣ ಮೌನೇಶರೂ ಬಂದಿದ್ದರು. ಔಷಧಶಾಸ್ತ್ರ ಓದಿ ತಾಲ್ಲೂಕು ಊರಿನಲ್ಲಿ ಔಷಧದ ಅಂಗಡಿ ಇಟ್ಟಿದ್ದವರು. ತಂಗಿಗೆ ನೋವಿನ ಗುಳಿಗೆ ಕೊಡುತ್ತಿದ್ದವರೂ ಅವರೇ. ಮಠಕ್ಕೆ ಬರುವುದು ಅವರಿಗೆ ಇಷ್ಟವಿರಲಿಲ್ಲ.

"ಅತ್ತಿ, ಅಜ್ಜಾರ ಕಾಲು ಯಾವ ಕಾಲೇಜಿನ್ಯಾಗ ಓದಿ ಪಾಸಾಗೈತಿ?" ಎಂದು ಅವರು ದಾರಿಯಲ್ಲೆಲ್ಲ ತುಳಜವ್ವನನ್ನು ಕೆಣಕಿದರು.

"ನಿನ್ನ ಗುಳಿಗಿ ಪಾಸಾಗಿದ್ದರ ನಾ ಯಾಕ ಇಲ್ಲಿತನಕ ಬರತಿದ್ದೆ?" ಎಂದು ತುಳಜವ್ವ ಬಾಯಿ ಮುಚ್ಚಿಸಿದಳು.

ಮೌನೇಶರು ಮಠದ ಗೇಟಿನ ಬಳಿ ಬೇವಿನ ನೆರಳಲ್ಲೇ ನಿಂತರು. ಮುಂದೆ ನಡೆದದ್ದನ್ನು ಅಲ್ಲಿಂದಲೇ ನೋಡಿದರು. ಅವರು ಹೇಳಿದ್ದನ್ನೇ ಇಲ್ಲಿ ಬರೆದಿದೆ.

ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟು ಅಂಗಳ ದಾಟಬೇಕಿತ್ತು. ಹಾಸುಗಲ್ಲು ಕಾದ ಹಂಚಿನಂತಾಗಿತ್ತು. ತುಳಜವ್ವ ಸೀರೆ ಎತ್ತಿ ಹಿಡಿದು, "ಅಯ್ಯಯ್ಯ" ಎನ್ನುತ್ತ ಓಡಿ ಪಡಸಾಲೆ ಸೇರಿದಳು. ಹಿಂದಿನವರೂ ಕುಣಿಯುತ್ತಲೇ ಬಂದರು. ಗುರುಬಾಯಿ ಮಾತ್ರ ಓಡಲಿಲ್ಲ. ಮೆಲ್ಲಗೆ, ಕಾಲನ್ನು ಚಪ್ಪಟೆಯಾಗಿ ಊರುತ್ತ ನಡೆದು ಬಂದಳು.

ಅಜ್ಜನವರು ಅವಳನ್ನೇ ನೋಡುತ್ತಿದ್ದರು. "ಯವ್ವಾ, ಕಲ್ಲು ಸುಡಲಿಲ್ಲೇನು?" ಎಂದು ಕೇಳಿದರು.

"ಇಲ್ರಿ ಅಜ್ಜಾರ. ತಣ್ಣಗ ಐತಿ," ಎಂದಳು ಗುರುಬಾಯಿ.

ಪಡಸಾಲೆಯಲ್ಲಿದ್ದವರ ಮೈ ಜುಮ್ಮೆಂದಿತು. "ನೋಡ್ರಿ, ನೋಡ್ರಿ, ಬಸುರಿ ಹೆಣ್ಣಮಗಳಿಗೆ ಕಲ್ಲು ತಣ್ಣಗಾಗೇತಿ!" ಎಂದು ಯಾರೋ ಕೂಗಿದರು. ಕೆಲವರು ಅವಳ ಪಾದಕ್ಕೇ ಕೈ ಮುಗಿದರು. ತುಳಜವ್ವನ ಕಣ್ಣಲ್ಲಿ ನೀರು. "ನನ್ನ ಸೊಸಿ ಭಕ್ತಿ ಅಷ್ಟೈತ್ರಿ. ಹೊಟ್ಟಿಯಾಗಿನ ಕೂಸಿನ ಪುಣ್ಯ," ಎಂದಳು. ಗೇಟಿನ ಬಳಿ ಮೌನೇಶರು ನಕ್ಕರು.

ಅಜ್ಜನವರು ಮಾತ್ರ ಎದ್ದು ಅಂಗಳದ ಅಂಚಿಗೆ ಹೋದರು. ಗುರುಬಾಯಿ ತುಳಿದು ಬಂದ ಕಲ್ಲಿನ ಮೇಲೆ ತಮ್ಮ ಅಂಗೈ ಇಟ್ಟರು. ತಕ್ಷಣ ಕೈ ಹಿಂತೆಗೆದುಕೊಂಡರು. ಆಮೇಲೆ ಗೇಟಿನ ಕಡೆ ನೋಡಿ, "ತಮ್ಮಾ, ನೀ ಔಷಧ ಓದಿದಾಂವ ಅಂತ ಕೇಳೇನಿ. ಕಲ್ಲು ತಣ್ಣಗಾಗಿಲ್ಲ. ಹಂಗಾದರ ಏನಾಗೇತಿ?" ಎಂದು ಕೇಳಿದರು.

ಮೌನೇಶರ ನಗು ನಿಂತಿತು. ಬಿಸಿ ತಿಳಿಯದ ಕಾಲು ಎಂದರೇನು ಎಂಬುದನ್ನು ಅವರು ಓದಿದ್ದರು. ಅವರು ಚಪ್ಪಲಿ ಬಿಡುವುದನ್ನೂ ಮರೆತು ಓಡಿ ಬಂದರು.

ಅಜ್ಜನವರು ಗುರುಬಾಯಿಯನ್ನು ಕೂರಿಸಿ ಒಂದೊಂದೇ ಕೇಳಿದರು. ಮಲಗಿದರೆ ನೋವು ಇಳಿಯುತ್ತದೆಯೇ? ಇಲ್ಲ, ಮಲಗಿದರೆ ಇನ್ನೂ ಹೆಚ್ಚು. ಸಂಜೆ ಮೈ ಬೆಚ್ಚಗಾಗುತ್ತದೆಯೇ? ಹೌದು, ಬೆವರಿ ಸೀರೆ ತೋಯುತ್ತದೆ. ಕಾಲು? ಮಗ್ಗದ ತುಳಿಹಲಗೆಯಿಂದ ತಾನೇ ಜಾರುತ್ತದೆ, ಎಲ್ಲಿದೆ ಎಂದು ನೋಡಿಕೊಂಡು ಇಡಬೇಕು. ಕಡೆಗೆ ಅಜ್ಜನವರು ತುಳಜವ್ವನ ಕಿವಿಯಲ್ಲಿ ಒಂದು ಪ್ರಶ್ನೆ ಹೇಳಿದರು. ತುಳಜವ್ವ ಸೊಸೆಯ ಕಿವಿಯಲ್ಲಿ ಕೇಳಿದಳು. ಬೆಳಗಿನಿಂದ ಮೂತ್ರವೇ ಆಗಿರಲಿಲ್ಲ.

"ಇದೆಲ್ಲಾ ನನಗ ಯಾಕ ಹೇಳಲಿಲ್ಲ?" ಎಂದರು ಮೌನೇಶರು.

"ನೀ ಕೇಳಲಿಲ್ಲಲ್ಲ ಅಣ್ಣಾ. ಬಸುರಾದಾಗ ಹಿಂಗ ಆಗತೈತಿ ಅಂದಿ," ಎಂದಳು ಗುರುಬಾಯಿ.

ತುಳಜವ್ವ ಸೊಸೆಯನ್ನು ಗೋಡೆಯತ್ತ ತಿರುಗಿಸಿದಳು. ಬೆನ್ನ ನಡುವೆ ಒಂದು ಎಲುಬು ಕುಪ್ಪಸದೊಳಗಿಂದ ಗಂಟಿನಂತೆ ಎದ್ದಿತ್ತು. ಎಲ್ಲರೂ ಅಜ್ಜನವರ ಪಾದಕ್ಕಾಗಿ ಕಾದರು. ಅವರು ಹಿಂದೆ ಸರಿದರು.

"ಈ ಬೆನ್ನಿಗೆ ಪಾದ ಇಡಬಾರದು. ಇದು ಏನಂತ ನನಗ ಗೊತ್ತಿಲ್ಲ. ಗೊತ್ತಿದ್ದವರ ಹಂತ್ಯಾಕ ಈಗಲೇ ಹೋಗ್ರಿ," ಎಂದರು.

ತುಳಜವ್ವ ಅಲ್ಲೇ ಕುಳಿತುಬಿಟ್ಟಳು. ಅಜ್ಜನವರ ಪಾದ ಯಾರ ಬೆನ್ನನ್ನೂ ನಿರಾಕರಿಸಿದ್ದನ್ನು ಅವಳು ಕೇಳಿರಲಿಲ್ಲ. "ಎಪ್ಪಾ, ನಮ್ಮದೇನು ತಪ್ಪಾಗೇತಿ? ದವಾಖಾನಿಯಾಗ ಫೋಟೋ ತೆಗೀತಾರ, ಅದರ ಬೆಳಕು ಕೂಸಿಗೆ ಬಡೀತೈತಿ. ನಾ ಕರಕೊಂಡು ಹೋಗಂಗಿಲ್ಲ. ಒಂದ್ ಸಲ ಮುಟ್ಟಸ್ರಿ, ಸಾಕು," ಎಂದು ಅತ್ತಳು.

"ಅತ್ತಿ, ತಡಾ ಮಾಡಿದರ ಇಕಿ ಕಾಲು ಹೋಗತಾವ!" ಎಂದು ಮೌನೇಶರು ಕೂಗಿದರು. ತುಳಜವ್ವ ಸೊಸೆಯ ಕೈ ಬಿಡಲಿಲ್ಲ.

ಅಜ್ಜನವರು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡರು. "ನನ್ನ ಪಾದ ಬೇಕಲ್ಲ ಯವ್ವಾ? ದವಾಖಾನಿಯೊಳಗ ಇಡತೀನಿ. ನಡೀರಿ," ಎಂದರು.

ಮಠದವರು ಬೆರಗಾದರು. ಸೀಮೆ ದಾಟದ ಅಜ್ಜನವರು ಅಂಗಳಕ್ಕಿಳಿದು ಬಿಸಿಲಲ್ಲಿ ನಿಂತಿದ್ದರು. ತುಳಜವ್ವ ಎದ್ದಳು. ಮಠದ ಬಾಗಿಲ ಹಲಗೆಯೊಂದನ್ನು ಕಳಚಿ, ಅದರ ಮೇಲೆ ಗುರುಬಾಯಿಯನ್ನು ಬೆನ್ನು ಅಲುಗದಂತೆ ಒಂದು ಮಗ್ಗುಲಾಗಿ ಮಲಗಿಸಿ, ಟೆಂಪೋದಲ್ಲಿ ದೊಡ್ಡ ಊರಿನ ಆಸ್ಪತ್ರೆಗೆ ಒಯ್ದರು. ಅಜ್ಜನವರು ಡ್ರೈವರ್ ಪಕ್ಕದಲ್ಲಿ ಕುಳಿತಿದ್ದರು.

ಅಲ್ಲಿಯ ವೈದ್ಯೆ ಮೊದಲು ಕಟ್ಟಿದ ಮೂತ್ರವನ್ನು ನಳಿಕೆಯಿಂದ ಇಳಿಸಿದರು. ನಂತರ ಎಂಆರ್‌ಐ ಆಗಬೇಕೆಂದರು. ತುಳಜವ್ವ ತನ್ನ ಭಯವನ್ನು ಹೇಳಿದಾಗ ಆಕೆ ಬೇಸರಿಸಲಿಲ್ಲ. "ಇದು ಎಕ್ಸ್‌ರೇ ಅಲ್ಲಮ್ಮ, ಅಯಸ್ಕಾಂತದಿಂದ ತೆಗೆಯೋ ಚಿತ್ರ. ಬಸುರಿಯರಿಗೂ ಮಾಡುತ್ತೇವೆ," ಎಂದರು. ತುಳಜವ್ವ ಅಜ್ಜನವರ ಮುಖ ನೋಡಿದಳು. ಅಜ್ಜನವರು ಆ ಕೋಣೆಯ ಹೊಸ್ತಿಲೊಳಗೆ ತಮ್ಮ ಬಲ ಪಾದವನ್ನು ಇಟ್ಟು, ಹಿಂದಕ್ಕೆ ಬಂದು ನಿಂತರು. ಗುರುಬಾಯಿ ಒಳಗೆ ಹೋದಳು.

ಅವಳಿಗೆ ಬಂದಿದ್ದದ್ದು ಬೆನ್ನುಮೂಳೆಯ ಕ್ಷಯ. ಕೆಮ್ಮು ಇರಲಿಲ್ಲವಾದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಎಲುಬು ಸವೆದು, ಕೀವು ತುಂಬಿ, ಬೆನ್ನುಹುರಿಯನ್ನು ಅದುಮುತ್ತಿತ್ತು. "ಬಸುರಿಯರ ಬೆನ್ನುನೋವು ಬಹುಮಟ್ಟಿಗೆ ಸಾದಾ ನೋವೇ," ಎಂದು ವೈದ್ಯೆ ಮೌನೇಶರಿಗೆ ಹೇಳಿದರು. "ಆದರೆ ಮಲಗಿದರೂ ಬಿಡದ ನೋವು, ಜ್ವರ, ಸೋತ ಕಾಲು, ಕಟ್ಟಿದ ಮೂತ್ರ, ಇವು ಕಂಡರೆ ಕಾಯಬಾರದು. ಇನ್ನೂ ತಡವಾಗಿದ್ದರೆ ಈಕೆ ಏಳುತ್ತಿರಲಿಲ್ಲ."

ಶಸ್ತ್ರವೈದ್ಯರು ಅವಳನ್ನು ಮಗ್ಗುಲಾಗಿಯೇ ಮಲಗಿಸಿ ಕೀವು ತೆಗೆದರು. ಕ್ಷಯದ ಔಷಧ ಶುರುವಾಯಿತು. ಅಷ್ಟು ಹೊತ್ತೂ ಕೂಸಿನ ಎದೆಬಡಿತ ಸರಿಯಾಗಿತ್ತು. ದಿನ ತುಂಬಿದ ಮೇಲೆ ಹೆಣ್ಣು ಮಗು ಹುಟ್ಟಿತು. ಗುರುಬಾಯಿಯ ಕಾಲಿಗೆ ಬಲ ಬರುವುದು ನಿಧಾನವಾಯಿತು. ಮೊದಲು ಗೋಡೆ ಹಿಡಿದು, ಆಮೇಲೆ ಅತ್ತೆಯ ಹೆಗಲು ಹಿಡಿದು, ಕೊನೆಗೆ ಮಗುವನ್ನು ಎತ್ತಿಕೊಂಡು ನಡೆದಳು.

ಆಮೇಲೊಂದು ದಿನ ಮೌನೇಶರು ಒಬ್ಬರೇ ಮಠಕ್ಕೆ ಹೋದರು. ಅವರಿಗೆ ಒಂದು ಪ್ರಶ್ನೆ ಇತ್ತು.

"ಅಜ್ಜಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಪಾದದಾಗ ಖರೇನ ಶಕ್ತಿ ಐತೇನ್ರಿ?"

ಅಜ್ಜನವರು ಮಗುವಿನಂತೆ ನಕ್ಕರು. "ನನಗೂ ಅದ ಪ್ರಶ್ನಿ ತಮ್ಮಾ. ಉಳುಕು ತಾನ ಹೋಗತೈತೋ, ಪಾದದಿಂದ ಹೋಗತೈತೋ, ಇನ್ನೂ ತಿಳಿದಿಲ್ಲ."

"ಮತ್ಯಾಕ ಇಡತೀರಿ?"

"ಪಾದ ಇಡಿಸಿಕೊಳ್ಳಾಕ ಬರತಾರ. ಬಂದಾಗ ನೋಡಾಕ ಸಿಗತಾರ."

ಹಿಂದೆಂದೂ ಬಾಗದ ಮೌನೇಶರು ಅಂದು ಆ ಪಾದಗಳಿಗೆ ಹಣೆ ಮುಟ್ಟಿಸಿ ಹೊರಟರು.

ಮರುದಿನ ಅವರ ಅಂಗಡಿಗೆ ಒಬ್ಬ ಬಸುರಿ ಬಂದು ಸೊಂಟನೋವಿಗೆ ಗುಳಿಗೆ ಕೇಳಿದಳು. ಮೌನೇಶರು ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದರು. ಆಕೆ ಗಾಬರಿಯಾಗಿ, "ಗುಳಿಗಿ ಇಲ್ಲೇನ್ರಿ?" ಎಂದಳು.

"ಐತ್ರಿ ಯವ್ವಾ. ಮೊದಲ ಆ ಕಂಬದತನಕ ನಡದು ಬರ್ರಿ," ಎಂದರು ಮೌನೇಶರು.

ಆಕೆ ನಗುತ್ತ ಸೆರಗು ಸರಿಮಾಡಿಕೊಂಡು ನಡೆದಳು. ಅಂಗಡಿಯ ಮುಂದೆ ಜನ ಕಾಯುತ್ತಿದ್ದರು. ಮೌನೇಶರು ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಆಕೆಯ ಹೆಜ್ಜೆಗಳನ್ನೇ ನೋಡುತ್ತಿದ್ದರು.