ಅತ್ತಿಮರಕ್ಕೆ ನೀರು ಹಾಕಿದವರು

ಪುರಸಭೆ ಚುನಾವಣೆಗೆ ನಿಂತ ಲಾಡ್ಜ್ ಮಾಲೀಕ ಪರಪ್ಪನವರು "ಕೆರೆ ಉಳಿಸ್ತೀನಿ" ಅಂತ ಊರೆಲ್ಲ ಸಾರಿದ್ದರು. ಅದಕ್ಕೊಂದು ಸಾಕ್ಷಿ ಬೇಕಾಗಿತ್ತು. ಕೆರೆ ಪಾರ್ಕಿನ ಮಾಲಿ ದ್ಯಾವಣ್ಣನನ್ನು ಕರೆದು ಗದರಿದರು: "ಏರಿ ಮೇಲಿನ ಅತ್ತಿಮರಕ್ಕೆ ಐದು ವರ್ಷದಿಂದ ನೀರು ಹಾಕಿದ್ದು ನಾನೇ ಅಂತ ಪೇಪರ್‌ನವರಿಗೆ ಹೇಳು. ಇಲ್ಲಾಂದ್ರೆ ಗೆದ್ದ ದಿನವೇ ನಿನ್ನ ಕೆಲಸದಿಂದ ಕಿತ್ತಾಕ್ತೀನಿ."

"ಇದ್ದದ್ದೇ ಹೇಳ್ತೀನಿ ಬಿಡಿ ಸ್ವಾಮಿ" ಎಂದ ದ್ಯಾವಣ್ಣ.

ಪೇಪರ್‌ನವರು ಬಂದರು. "ದಿನಾ ನೀರು ಬಿಡೋರು ಇವರೇ ಸಾರ್. ನನಗಾದ್ರೂ ಭಾನುವಾರ ರಜೆ, ಇವರಿಗೆ ಅದೂ ಇಲ್ಲ" ಎಂದ ದ್ಯಾವಣ್ಣ, ಪರಪ್ಪನವರನ್ನು ತೋರಿಸಿ.

"ಒಂದು ದಿನವೂ ತಪ್ಪಿಸಿಲ್ಲ!" ಪರಪ್ಪನವರು ಎದೆಯುಬ್ಬಿಸಿದರು.

ದ್ಯಾವಣ್ಣ ಮರದ ಬುಡದ ಪೊದೆ ಸರಿಸಿದ. ಪರಪ್ಪನವರ ಲಾಡ್ಜಿನ ಕಕ್ಕಸಿನ ಪೈಪು ಅಲ್ಲಿ ಗಳಗಳ ಸುರಿಯುತ್ತಿತ್ತು. ಎಲ್ಲರೂ ಮೂಗು ಮುಚ್ಚಿಕೊಂಡರು, ಪರಪ್ಪನವರು ಬಾಯಿ.

"ಮರಕ್ಕಷ್ಟೇ ಅಲ್ಲ ಸಾರ್," ದ್ಯಾವಣ್ಣ ವಿನಯದಿಂದ ಹೇಳಿದ, "ಕೆರೆಗೂ ಇವರದೇ ನೀರು."